ತಾರೀಖಿಲ್ಲದ ಪಟ

ಪಟ ಸಿಕ್ಕಿದ್ದು ಅಟ್ಟದ ಮೇಲಿನ ಟ್ರಂಕಿನಲ್ಲಿ, ಅಜ್ಜನ ಹಳೇ ಪಂಚಾಂಗಗಳ ಕಟ್ಟಿನ ಕೆಳಗೆ. ಅಂಚನ್ನು ಗೆದ್ದಲು ಮುಕ್ಕಿದೆ, ಉಳಿದದ್ದು ಚಹಾ ಚೆಲ್ಲಿದ ಬಣ್ಣಕ್ಕೆ ತಿರುಗಿದೆ. ಸಾಗರ ಸೀಮೆಯ ಹಳೆಯ ಮನೆಯ ಅಂಗಳ. ಅಜ್ಜಿ ನಿಂತಿದ್ದಾಳೆ, ಸೊಂಟದಲ್ಲೊಂದು ಕೂಸು. ಅವಳ ಸೆರಗು ಹಿಡಿದುಕೊಂಡು ಲಂಗ ತೊಟ್ಟ ನಾಲ್ಕು ವರ್ಷದ ಹುಡುಗಿ. ಹಿಂದೆ ಅಡಿಕೆ ಸಿಪ್ಪೆಯ ರಾಶಿ, ಅದರ ಬುಡದಲ್ಲಿ ಮಲಗಿದ ನಾಯಿ.

ಅಮ್ಮ ಲಂಗದ ಹುಡುಗಿಯ ಮೇಲೆ ಬೆರಳಿಟ್ಟು ಹೇಳಿದಳು: "ಇದು ನಾನು. ಅಮ್ಮನ ಸೊಂಟದಲ್ಲಿರೋದು ನೀನು."

"ಸುಮ್ನಿರು ಅಕ್ಕ," ಅಂದರು ಚಿಕ್ಕಮ್ಮ. "ಲಂಗ ಹಾಕ್ಕೊಂಡಿರೋದು ನಾನು. ಸೊಂಟದಲ್ಲಿರೋದು ರಘು. ನೀನಾಗ ಶಾಲೆಗೆ ಅಂತ ದೊಡ್ಡಮ್ಮನ ಮನೇಲಿದ್ದೆ."

ಪಟದ ಹಿಂದೆ ತಾರೀಖಿಲ್ಲ, ಸ್ಟುಡಿಯೋದ ಮುದ್ರೆಯೂ ಇಲ್ಲ. ಅಮ್ಮನ ಮಾತು ನಿಜವಾದರೆ ಅದು 1958ರ ಸುಮಾರಿನದು, ಚಿಕ್ಕಮ್ಮನ ಮಾತು ನಿಜವಾದರೆ 1961ರದ್ದು. ಶುರುವಾಯಿತು ಸಾಕ್ಷಿಗಳ ಮೆರವಣಿಗೆ. ಲಂಗ ತನ್ನದೇ ಅಂದಳು ಅಮ್ಮ. ಅಕ್ಕನಿಗೆ ಗಿಡ್ಡ ಆದದ್ದೆಲ್ಲ ತನಗೇ ಬರುತ್ತಿತ್ತಲ್ಲ ಅಂದರು ಚಿಕ್ಕಮ್ಮ. ಅಜ್ಜಿಯ ಮೂಗುಬೊಟ್ಟು ಕಾಣುತ್ತಿದೆ. ಅದನ್ನು ಅಡವಿಟ್ಟದ್ದು ಕೊಟ್ಟಿಗೆಗೆ ಹಂಚು ಹಾಕಿಸಿದಾಗ. ಹಂಚು ಹಾಕಿಸಿದ್ದು ಕೆಂಪು ದನ ಕರು ಹಾಕಿದ ಮಳೆಗಾಲದ ನಂತರ. ನಾಯಿ ಕಾಳುವೋ ಅವನ ಮಗನೋ? ಕಾಳುವಾದರೆ ಚಿರತೆ ಹೊತ್ತುಕೊಂಡು ಹೋಗುವುದಕ್ಕೆ ಮುಂಚಿನದು. ಇಬ್ಬರಿಗೂ ಫೋಟೋದವನ ಕಪ್ಪು ಬಟ್ಟೆ ನೆನಪಿದೆ, ಅದನ್ನು ಕಂಡು ಹೆದರಿದ್ದೂ ನೆನಪಿದೆ. ಒಬ್ಬರು ಇನ್ನೊಬ್ಬರ ಹೆದರಿಕೆಯನ್ನು ಯಾವತ್ತೋ ಕಡ ತಂದು ತಮ್ಮದು ಮಾಡಿಕೊಂಡಿರಬೇಕು.

ಒಂದೂವರೆ ಗಂಟೆ ಕೂತು ಕೇಳಿದೆ. ಅಷ್ಟು ಹೊತ್ತಿನಲ್ಲಿ ಇಬ್ಬರಲ್ಲೊಬ್ಬರೂ ಇಸವಿಯನ್ನು ನೆನಪಿಸಿಕೊಳ್ಳಲಿಲ್ಲ. ಇಸವಿಯನ್ನು ವಾದಿಸಿದರು. ಒಂದರ ಹೆಗಲ ಮೇಲೆ ಇನ್ನೊಂದು ಸಂಗತಿಯನ್ನು ನಿಲ್ಲಿಸಿ ಅಲ್ಲಿಂದ ಇಣುಕಿ ನೋಡಿದರು. ಅವರು ಹಳೇ ಕಾಲದವರು, ಲೆಕ್ಕ ಇಟ್ಟವರಲ್ಲ ಅಂತ ನಾನು ಮೊದಲು ಅಂದುಕೊಂಡೆ. ಆಮೇಲೆ ಓದುತ್ತ ಹೋದಂತೆ ಗೊತ್ತಾಯಿತು, ಹಳೇ ಕಾಲಕ್ಕೂ ಇದಕ್ಕೂ ಸಂಬಂಧವಿಲ್ಲ. ಮಿದುಳು ಎಂಬುದು ಕೆಲಸ ಮಾಡುವುದೇ ಹೀಗೆ.

ನಾವು ಮೊಬೈಲಿನಲ್ಲಿ ತೆಗೆಯುವ ಪ್ರತಿ ಫೋಟೋದ ಒಳಗೂ ತಾರೀಖು, ಗಂಟೆ, ನಿಮಿಷ ಅಡಗಿ ಕೂತಿರುತ್ತವೆ. ನೆನಪಿನಲ್ಲೂ ಅಂಥದ್ದೊಂದು ಮುದ್ರೆ ಇರಬಹುದೆಂದು ನಾವು ಸಲೀಸಾಗಿ ನಂಬಿಬಿಡುತ್ತೇವೆ. ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞ ವಿಲ್ಲೆಮ್ ವಾಗೆನಾರ್ ತಮ್ಮ ಮೇಲೇ ಒಂದು ಪ್ರಯೋಗ ಮಾಡಿಕೊಂಡರು. ಆರು ವರ್ಷ ಕಾಲ ದಿನವೂ ತಮ್ಮ ಬದುಕಿನ ಸಂಗತಿಗಳನ್ನು ಬರೆದಿಟ್ಟರು. ಪ್ರತಿಯೊಂದಕ್ಕೂ ನಾಲ್ಕು ಕಲಮು: ಏನು ನಡೆಯಿತು, ಯಾರಿದ್ದರು, ಎಲ್ಲಿ, ಯಾವಾಗ. ಹೀಗೆ ಸುಮಾರು 2,400 ಸಂಗತಿಗಳು ಕೂಡಿದವು. ಬಳಿಕ ಒಂದು ಕಲಮನ್ನು ಮಾತ್ರ ನೋಡಿ ಉಳಿದದ್ದನ್ನು ನೆನಪಿಸಿಕೊಳ್ಳುವ ಪರೀಕ್ಷೆ. 'ಏನು' ಎಂಬುದನ್ನು ಕೊಟ್ಟರೆ ಉಳಿದದ್ದು ಹೆಚ್ಚಾಗಿ ತಾನಾಗಿ ಬರುತ್ತಿತ್ತು. 'ಯಾರು', 'ಎಲ್ಲಿ' ಕೂಡ ಪರವಾಗಿಲ್ಲ. 'ಯಾವಾಗ' ಎಂಬುದು ಮಾತ್ರ ಹೆಚ್ಚುಕಡಿಮೆ ನಿಷ್ಪ್ರಯೋಜಕ. ಇಂಥ ತಿಂಗಳ ಇಂಥ ತಾರೀಖು ಎಂದರೆ ಅವರ ತಲೆಯಲ್ಲಿ ಯಾವ ಬಾಗಿಲೂ ತೆರೆಯುತ್ತಿರಲಿಲ್ಲ. 1986ರಲ್ಲಿ ಪ್ರಕಟವಾದ ಈ ವರದಿ ಓದುವಾಗ ನನಗೆ ಮೊದಲು ಕಂಡದ್ದು ಆ ಮನುಷ್ಯನ ಹಟ.

ಅದೇ 1986ರ ಜನವರಿ 31ರಂದು ಅಮೆರಿಕದ ಒಹಾಯೊ ರಾಜ್ಯದಲ್ಲಿ ಭೂಮಿ ನಡುಗಿತು, ಮಧ್ಯಾಹ್ನದ ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿದ್ದಾಗ. ಒಂಬತ್ತು ತಿಂಗಳ ಬಳಿಕ ವಿಲಿಯಂ ಫ್ರೀಡ್‌ಮನ್ ಎಂಬ ಸಂಶೋಧಕ ಓಬರ್ಲಿನ್ ಕಾಲೇಜಿನ ನೌಕರರನ್ನು ಅದರ ಬಗ್ಗೆ ವಿಚಾರಿಸಿದ. ಎಷ್ಟು ಹೊತ್ತಿಗೆ ಎಂಬುದನ್ನು ಜನ ಹತ್ತಿರ ಹತ್ತಿರ ಸರಿಯಾಗಿ ಹೇಳಿದರು. ಯಾವ ತಿಂಗಳು ಎಂಬಲ್ಲಿ ಎಡವಿದರು. ನೆನಪು ಒಂದು ಟೇಪಿನಂತೆ ಸುರುಳಿ ಸುತ್ತಿಕೊಂಡಿದ್ದರೆ ಹೀಗಾಗಬಾರದಿತ್ತು. ತಿಂಗಳೇ ಗೊತ್ತಿಲ್ಲದವನಿಗೆ ಗಂಟೆ ಹೇಗೆ ಗೊತ್ತು? ಗೊತ್ತು, ಏಕೆಂದರೆ ಆ ಹೊತ್ತಿನಲ್ಲಿ ಹೊಟ್ಟೆ ಹಸಿದಿತ್ತು, ಕಿಟಕಿಯಲ್ಲಿ ಬಿಸಿಲಿತ್ತು, ಕೈಯಲ್ಲಿ ಅರ್ಧ ಮುಗಿದ ಕೆಲಸವಿತ್ತು. ನೆನಪಿನೊಳಗೆ ಉಳಿದದ್ದು ಇವು. ಗಂಟೆಯನ್ನು ಆಮೇಲೆ ಇವುಗಳಿಂದ ಹಿಂಡಿ ತೆಗೆದದ್ದು.

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಅಪ್ಪು ಹೋದ ಸುದ್ದಿ ಕೇಳಿದ್ದು ಯಾವಾಗ ಅಂತ ಯಾರನ್ನಾದರೂ ಕೇಳಿ. ಮಧ್ಯಾಹ್ನ ಅನ್ನುತ್ತಾರೆ, ಯಾರು ಫೋನು ಮಾಡಿದರು, ತಾವೆಲ್ಲಿ ನಿಂತಿದ್ದೆವು ಅನ್ನುತ್ತಾರೆ, ಶುಕ್ರವಾರ ಎಂದೂ ಕೆಲವರು ಹೇಳಿಯಾರು. ಇಸವಿ ಕೇಳಿದ ಕೂಡಲೇ ಕಣ್ಣು ಮೇಲೆ ಹೋಗುತ್ತದೆ: ಕೊರೊನಾ ಎರಡನೇ ಅಲೆ ಆದ ಮೇಲೆ... ದೀಪಾವಳಿಗೆ ಮುಂಚೆ... ಹಾಗಾದರೆ... 2021ರ ಅಕ್ಟೋಬರ್ 29 ಎಂಬ ಉತ್ತರ ಬಂದರೂ ಅದು ಲೆಕ್ಕ ಹಾಕಿ ಬಂದದ್ದು. ನಮ್ಮ ಪಟದಲ್ಲೂ ಅಷ್ಟೆ. ಕೊಯ್ಲಿನ ಕಾಲ, ಇಳಿಬಿಸಿಲು ಎಂಬುದರಲ್ಲಿ ಅಕ್ಕ ತಂಗಿಯರಿಗೆ ತಕರಾರೇ ಇರಲಿಲ್ಲ. ಸಿಪ್ಪೆಯ ರಾಶಿ ಹೇಳುತ್ತಿತ್ತು.

ಹಾಗಂತ ದೇಹದಲ್ಲಿ ಗಡಿಯಾರವೇ ಇಲ್ಲ ಎಂದಲ್ಲ. ಒಂದಲ್ಲ, ಹಲವಾರು ಇವೆ. ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ, ಸುಮಾರು 20 ಸಾವಿರ ನರಕೋಶಗಳ ಒಂದು ಗುಂಪು ನಿದ್ದೆ ಎಚ್ಚರಗಳ ದಿನಚರಿಯನ್ನು ಕಾಯುತ್ತದೆ. ತಾಳ ತಪ್ಪದೆ ಚಪ್ಪಾಳೆ ಹಾಕಲು ಬೇಕಾದ ಲೆಕ್ಕ ಬೇರೆಡೆ ನಡೆಯುತ್ತದೆ. ಇವುಗಳಿಗೂ ನೆನಪಿನ ಕಾಲಕ್ಕೂ ನಂಟು ಎಷ್ಟು ತೆಳು ಎಂಬುದನ್ನು ತೋರಿಸಿದವನು ಮಿಶೆಲ್ ಸಿಫ್ರ್ ಎಂಬ 23ರ ಹರೆಯದ ಫ್ರೆಂಚ್ ಭೂವಿಜ್ಞಾನಿ. 1962ರ ಜುಲೈ 16ರಂದು ಆಲ್ಪ್ಸ್ ಪರ್ವತದ ಸ್ಕರಾಸ್ಸನ್ ಎಂಬ ಹಿಮದ ಗುಹೆಗೆ ಇಳಿದ, ಗಡಿಯಾರವಿಲ್ಲದೆ, ಬಿಸಿಲಿಲ್ಲದೆ. ಎದ್ದಾಗ, ಮಲಗುವಾಗ, ಉಂಡಾಗ ಮೇಲಿನವರಿಗೆ ಫೋನು ಮಾಡಬೇಕು. ಅವರು ಮಾತ್ರ ಹೊತ್ತು ಹೇಳಕೂಡದು. ಸೆಪ್ಟೆಂಬರ್ 14ಕ್ಕೆ ಅವನನ್ನು ಮೇಲೆ ಕರೆದರು. ಅವನ ಲೆಕ್ಕದಲ್ಲಿ ಅಂದು ಇನ್ನೂ ಆಗಸ್ಟ್ 20. ಇಪ್ಪತ್ತೈದು ದಿನ ಎಲ್ಲೋ ಸೋರಿಹೋಗಿದ್ದವು. ಸೋಜಿಗವೆಂದರೆ ಅವನ ದೇಹ ಅಷ್ಟೂ ದಿನ ಇಪ್ಪತ್ತನಾಲ್ಕೂವರೆ ಗಂಟೆಗೊಂದು ದಿನದಂತೆ ಕ್ರಮ ತಪ್ಪದೆ ಮಲಗಿ ಎದ್ದಿತ್ತು. ಲೆಕ್ಕ ತಪ್ಪಿದ್ದು ದೇಹವಲ್ಲ, ನೆನಪು. ಕತ್ತಲೆಯಲ್ಲಿ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ವ್ಯತ್ಯಾಸವೇ ಇಲ್ಲದಾಗ ಅದು ಯಾವುದನ್ನು ಹಿಡಿದು ಎಣಿಸಬೇಕು?

ಇನ್ನೊಬ್ಬನ ಕಥೆ ಇದಕ್ಕಿಂತ ನೋವಿನದು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹೆನ್ರಿ ಮೊಲೈಸನ್‌ಗೆ ಎಳವೆಯಿಂದ ಅಪಸ್ಮಾರ. 1953ರಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯ ಅವನ ಮಿದುಳಿನ ಎರಡೂ ಬದಿಯ ಒಳಭಾಗವನ್ನು, ಅಂದರೆ ಹಿಪ್ಪೊಕ್ಯಾಂಪಸ್‌ನ ಬಹುಪಾಲು ಮತ್ತು ಅದರ ಅಕ್ಕಪಕ್ಕವನ್ನು ತೆಗೆದುಹಾಕಿದ. ಫಿಟ್ಸ್ ಕಡಿಮೆಯಾಯಿತು. ಆದರೆ ಅಂದಿನಿಂದ 2008ರಲ್ಲಿ ಸಾಯುವ ತನಕ ಮೊಲೈಸನ್‌ಗೆ ಹೊಸದಾಗಿ ಹೆಚ್ಚುಕಡಿಮೆ ಏನೂ ನೆನಪುಳಿಯಲಿಲ್ಲ. ಅವನನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಬ್ರೆಂಡಾ ಮಿಲ್ನರ್, ಸುಝಾನ್ ಕಾರ್ಕಿನ್ ಅವರ ಕೆಲಸದಿಂದಲೇ ಇವತ್ತಿನ ನೆನಪಿನ ವಿಜ್ಞಾನದ ಅರ್ಧ ಕಟ್ಟಡ ಎದ್ದಿದೆ. ಪ್ರತಿ ಸಲವೂ ಅವರು ತಮ್ಮನ್ನು ಅವನಿಗೆ ಹೊಸದಾಗಿ ಪರಿಚಯಿಸಿಕೊಳ್ಳಬೇಕಾಗಿತ್ತು.

ಅವನ ಮೇಲೆ ನಡೆದ ಪರೀಕ್ಷೆಗಳಲ್ಲಿ ಅಷ್ಟಾಗಿ ಪ್ರಸಿದ್ಧವಲ್ಲದ ಒಂದಿದೆ. 1973ರಲ್ಲಿ ವಿಟ್ಮನ್ ರಿಚರ್ಡ್ಸ್ ಎಂಬವರು, ಒಂದು ಅವಧಿಯನ್ನು ತೋರಿಸಿ ಅಷ್ಟೇ ಹೊತ್ತನ್ನು ಮತ್ತೆ ಅಳೆದು ತೋರಿಸುವಂತೆ ಅವನಿಗೆ ಹೇಳಿದರು. ಸುಮಾರು 20 ಸೆಕೆಂಡಿನ ತನಕ ಅವನು ನಮ್ಮ ನಿಮ್ಮ ಹಾಗೆಯೇ. ಅದರಾಚೆ ಅವಧಿ ಎಷ್ಟೇ ಬೆಳೆದರೂ ಅವನ ಅಳತೆ ಬೆಳೆಯಲು ಒಲ್ಲದು. ಅದೇ ಲೆಕ್ಕವನ್ನು ಮುಂದಕ್ಕೆ ಹಿಗ್ಗಿಸಿದರೆ ನಮ್ಮ ಒಂದು ಗಂಟೆ ಅವನಿಗೆ ಮೂರು ನಿಮಿಷ, ನಮ್ಮ ಒಂದು ವರ್ಷ ಅವನಿಗೆ ಮೂರು ಗಂಟೆಯಾಗುತ್ತದೆ ಎಂದರು ರಿಚರ್ಡ್ಸ್. ಹೀಗೆ ಹಿಗ್ಗಿಸುವುದು ತುಸು ದುಡುಕು ಅಂತ ನನಗೆ ಅನಿಸುತ್ತದೆ. ಆದರೂ ಆ ಇಪ್ಪತ್ತು ಸೆಕೆಂಡಿನ ಗೆರೆ ಗಟ್ಟಿಯಾದದ್ದು. ಅದರ ಈಚೆ ಕಾಲವನ್ನು ಅಳೆಯುವ ಕೆಲಸಕ್ಕೆ ನೆನಪು ಬೇಡ. ಆಚೆಗೆ ಬೇಕೇ ಬೇಕು.

ಹಾಗಾದರೆ ತೆಗೆದುಹಾಕಿದ ಆ ಭಾಗದಲ್ಲಿ ಏನಿತ್ತು?

ಬಹಳ ಕಾಲ ಈ ಪ್ರಶ್ನೆಗೆ ಸಿಕ್ಕ ಉತ್ತರ ಕಾಲದ್ದಲ್ಲ, ಜಾಗದ್ದು. 1971ರಲ್ಲಿ ಲಂಡನ್ನಿನ ಜಾನ್ ಓಕೀಫ್, ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ವಿಚಿತ್ರ ನರಕೋಶಗಳನ್ನು ಕಂಡರು. ಇಲಿ ಪೆಟ್ಟಿಗೆಯ ಒಂದು ಮೂಲೆಗೆ ಹೋದಾಗ ಒಂದು ಕೋಶ ಮಿಡಿಯುತ್ತದೆ, ಇನ್ನೊಂದು ಮೂಲೆಗೆ ಇನ್ನೊಂದು. ಅವಕ್ಕೆ ಪ್ಲೇಸ್ ಸೆಲ್ ಎಂದು ಹೆಸರಾಯಿತು. 2005ರಲ್ಲಿ ನಾರ್ವೆಯ ಟ್ರೊಂಡ್‌ಹೈಮ್‌ನ ಮೇ-ಬ್ರಿಟ್ ಮೊಸರ್ ಮತ್ತು ಎಡ್ವರ್ಡ್ ಮೊಸರ್ ತಂಡ, ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ನೆಲಕ್ಕೆಲ್ಲ ಜೇನುಗೂಡಿನಂಥ ಜಾಲ ಹಾಸಿದಂತೆ ಲೆಕ್ಕ ಇಡುವ ಗ್ರಿಡ್ ಸೆಲ್‌ಗಳನ್ನು ವಿವರಿಸಿತು. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಮಿದುಳಿನಲ್ಲೊಂದು ನಕಾಶೆ ಇದೆ ಎಂದಾಯಿತು. ಕ್ಯಾಲೆಂಡರಿನ ಸುಳಿವು ಮಾತ್ರ ಇನ್ನೂ ಇರಲಿಲ್ಲ.

2008ರಲ್ಲಿ ಗ್ಯೊರ್ಗಿ ಬುಝಾಕಿ ಅವರ ಪ್ರಯೋಗಾಲಯ ಒಂದು ಸಣ್ಣ ಜಾಣತನ ಮಾಡಿತು. ಇಲಿ ಒಂದು ಚಕ್ರವ್ಯೂಹದಲ್ಲಿ ಒಮ್ಮೆ ಎಡಕ್ಕೆ, ಮುಂದಿನ ಸಲ ಬಲಕ್ಕೆ ಹೋಗಬೇಕು. ನಡುವೆ ಕೆಲವು ಸೆಕೆಂಡು ಅದನ್ನು ಒಂದು ಗಾಲಿಯೊಳಗೆ ಓಡಿಸಿದರು. ಓಡಿದರೂ ಇದ್ದಲ್ಲೇ ಇದೆ, ಅಂದ ಮೇಲೆ ಜಾಗ ಗುರುತಿಸುವ ಕೋಶಗಳಿಗೆ ಹೊಸದಾಗಿ ಹೇಳಲು ಏನೂ ಇಲ್ಲ. ಆದರೂ ಕೋಶಗಳು ಸುಮ್ಮನಿರಲಿಲ್ಲ. ಮೊದಲ ಸೆಕೆಂಡಿಗೆ ಒಂದು, ಮೂರನೆಯದಕ್ಕೆ ಇನ್ನೊಂದು, ಆಮೇಲೆ ಮತ್ತೊಂದು, ಹೀಗೆ ಸರತಿಯಲ್ಲಿ ಮಿಡಿದವು, ಪ್ರತಿ ಸಲವೂ ಅದೇ ಸರತಿಯಲ್ಲಿ. ಮುಂದೆ ಎಡಕ್ಕೆ ಹೋಗುವುದಿದ್ದರೆ ಒಂದು ಸರತಿ, ಬಲಕ್ಕಾದರೆ ಬೇರೆ. ಬಾಸ್ಟನ್ ವಿಶ್ವವಿದ್ಯಾಲಯದ ಹೊವರ್ಡ್ ಐಕೆನ್‌ಬಾಮ್ ತಂಡ 2011ರಲ್ಲಿ ಇಂಥವನ್ನೇ ಕಂಡು ಟೈಮ್ ಸೆಲ್ ಎಂದು ಕರೆಯಿತು. ಇಲಿಗೆ ಒಂದು ವಸ್ತು ತೋರಿಸಿ, ಸುಮಾರು ಹತ್ತು ಸೆಕೆಂಡು ಕಾಯಿಸಿ, ಆಮೇಲೆ ಒಂದು ವಾಸನೆ ಕೊಡುತ್ತಿದ್ದರು. ಆ ಖಾಲಿ ಹತ್ತು ಸೆಕೆಂಡುಗಳ ಉದ್ದಕ್ಕೂ ಕೋಶಗಳು ಹೊಳೆಗೆ ಹಾಸಿದ ಕಲ್ಲುಗಳಂತೆ ಒಂದಾದ ಮೇಲೊಂದು ಬಂದು, ಈ ದಡದ ವಸ್ತುವಿಗೂ ಆ ದಡದ ವಾಸನೆಗೂ ದಾರಿ ಮಾಡಿಕೊಟ್ಟಿದ್ದವು.

ಇಂಥದ್ದೊಂದು ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ಉಪಿಂದರ್ ಭಲ್ಲಾ ಅವರ ತಂಡ 2014ರಲ್ಲಿ ಪ್ರಕಟಿಸಿದ್ದು. ಚಿಟ್ಟಿಲಿಗೆ ಒಂದು ಸದ್ದು ಕೇಳಿಸುತ್ತಾರೆ. ಕ್ಷಣದಷ್ಟು ಮೌನ. ಬಳಿಕ ಕಣ್ಣಿಗೆ ಫೂ ಎಂದು ಗಾಳಿ. ಸದ್ದು ಕೇಳಿದ ಮೇಲೆ ಯಾವಾಗ ಕಣ್ಣು ಮುಚ್ಚಬೇಕೆಂದು ಇಲಿ ಕೆಲವು ಸರದಿಯಲ್ಲಿ ಕಲಿಯುತ್ತದೆ. ಕಲಿಯುವ ಮುಂಚೆ ಹಿಪ್ಪೊಕ್ಯಾಂಪಸ್‌ನ ಕೋಶಗಳ ಮಿಡಿತ ಸಂತೆಯ ಗದ್ದಲ. ಕಲಿತ ಇಲಿಯಲ್ಲಿ ಅವೇ ಕೋಶಗಳು ಆ ಮೌನದ ತುಂಬ ಸಾಲಾಗಿ ನಿಂತುಕೊಳ್ಳುತ್ತವೆ. ಕಲಿಯದ ಇಲಿಯಲ್ಲಿ ಸಾಲು ಮೂಡುವುದಿಲ್ಲ. ಅಂದರೆ ಕಾಲದ ಸಾಲು ಮೊದಲೇ ಇದ್ದು ಸಂಗತಿಗಳು ಅದರೊಳಗೆ ಬಂದು ಕೂರುತ್ತವೆ ಎಂದಲ್ಲ. ಸಂಗತಿಗಳಿಗೆ ಒಂದಕ್ಕೊಂದು ನಂಟು ಬೆಳೆದಾಗ ಸಾಲು ಹುಟ್ಟುತ್ತದೆ.

ಈ ಕಾರಣಕ್ಕೇ ಟೈಮ್ ಸೆಲ್ ಎಂಬ ಹೆಸರು ನನಗೆ ಅಷ್ಟು ಒಗ್ಗುವುದಿಲ್ಲ. ಗಡಿಯಾರದ ಮುಳ್ಳು ಅದರೊಳಗೆ ಕೂತಿದೆಯೇನೋ ಎಂಬ ಭ್ರಮೆ ಹುಟ್ಟಿಸುತ್ತದೆ. ಬುಝಾಕಿ ಅವರೂ ಆಮೇಲಾಮೇಲೆ ಇದನ್ನೇ ವಾದಿಸುತ್ತ ಬಂದರು: ಹಿಪ್ಪೊಕ್ಯಾಂಪಸ್ ಹೊಸೆಯುವುದು ಸರಣಿಗಳನ್ನು, ಅದನ್ನು ಜಾಗವೆಂದೋ ಕಾಲವೆಂದೋ ಓದುವವರು ನಾವು.

ಸೆಕೆಂಡುಗಳ ಸಂಗತಿ ಹೀಗಾಯಿತು. ನೆನಪಿನ ಕಾಲವಾದರೋ ಗಂಟೆ, ದಿನ, ವರ್ಷಗಳದ್ದು. ಅದರ ಎಳೆ ಸಿಕ್ಕಿದ್ದು ಮತ್ತೆ ಟ್ರೊಂಡ್‌ಹೈಮ್‌ನಲ್ಲಿ, ಅದೂ ಒಂದು ಸೋಲಿನಿಂದ. ಗ್ರಿಡ್ ಸೆಲ್‌ಗಳಿರುವ ಎಂಟೊರೈನಲ್ ಕಾರ್ಟೆಕ್ಸ್‌ನ ಒಳಬದಿಯ ಪಕ್ಕದಲ್ಲೇ ಅದರ ಹೊರಬದಿಯ ಭಾಗವಿದೆ. ಆಲ್ಬರ್ಟ್ ತ್ಸಾವೊ ಎಂಬ ವಿದ್ಯಾರ್ಥಿ ಅಲ್ಲಿನ ಕೋಶಗಳಿಗೆ ತಂತಿ ಇಟ್ಟು ವರ್ಷಗಟ್ಟಲೆ ಆಲಿಸಿದ. ಕೋಶಗಳು ಯಾವ ಜಾಗಕ್ಕೂ ಜಗ್ಗಲಿಲ್ಲ. ಇವತ್ತು ಕೊಟ್ಟ ಉತ್ತರ ನಾಳೆ ಇಲ್ಲ, ಈಗ ಕೊಟ್ಟದ್ದು ಹತ್ತು ನಿಮಿಷದ ಮೇಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕಸ ಎಂದು ಬಿಸಾಡಿಬಿಡುತ್ತಿದ್ದರೇನೋ. ಅವನಿಗೆ ಹೊಳೆದದ್ದು ಇಷ್ಟೇ: ಒಂದೇ ಒಂದು ಕ್ಷಣದ ಮಿಡಿತವೂ ಇನ್ನೊಂದರಂತಿಲ್ಲ ಎಂದಮೇಲೆ, ಮಿಡಿತದ ಮಾದರಿ ನೋಡಿ ಅದು ಯಾವ ಕ್ಷಣದ್ದೆಂದು ಹೇಳಬಹುದಲ್ಲ!

ಇದನ್ನು ನಾನು ಅರ್ಥ ಮಾಡಿಕೊಂಡದ್ದು ನಮ್ಮ ಮನೆಯ ಅಡುಗೆಕೋಣೆಯ ಮೂಲಕ. ಒಗ್ಗರಣೆಯ ಘಾಟು ಐದು ನಿಮಿಷದಲ್ಲಿ ಇಳಿಯುತ್ತದೆ. ಹಲಸಿನ ಹಣ್ಣು ಬಿಡಿಸಿದ ವಾಸನೆ ಸಂಜೆಯ ತನಕ ಇರುತ್ತದೆ. ಒಲೆಯ ಹೊಗೆ ಗೋಡೆಗೇ ಅಂಟಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೊರಗಿಂದ ಬಂದ ಅಜ್ಜಿ ಒಳಗೆ ಕಾಲಿಟ್ಟು ಮೂಗರಳಿಸಿದರೆ ಸಾಕಿತ್ತು. ಯಾವ ವಾಸನೆ ಎಷ್ಟು ಉಳಿದಿದೆ ಎಂಬ ಬೆರಕೆಯಿಂದಲೇ ಒಗ್ಗರಣೆ ಹಾಕಿ ಎಷ್ಟು ಹೊತ್ತಾಯಿತು, ಹಣ್ಣು ಹೆಚ್ಚಿದ್ದು ಬೆಳಿಗ್ಗೆಯೋ ನಿನ್ನೆಯೋ ಹೇಳಿಬಿಡುತ್ತಿದ್ದಳು. ಅಲ್ಲಿ ಗಡಿಯಾರವಿಲ್ಲ. ಬೇರೆ ಬೇರೆ ವೇಗದಲ್ಲಿ ಆರುವ ಹಲವು ಗುರುತುಗಳಿವೆ, ಅಷ್ಟೆ. ತ್ಸಾವೊ ಕಂಡ ಕೋಶಗಳೂ ಹಾಗೆ. ಇಲಿ ಪೆಟ್ಟಿಗೆಗೆ ಇಳಿದ ಕೂಡಲೇ ಜೋರಾಗಿ ಮಿಡಿದು ಕೆಲವು ಬೇಗ ಆರುತ್ತವೆ, ಕೆಲವು ನಿಧಾನವಾಗಿ. ಕೆಲವು ಇಡೀ ಪ್ರಯೋಗದ ಉದ್ದಕ್ಕೂ ಇಳಿಯುತ್ತ ಹೋಗುತ್ತವೆ. ಎಲ್ಲವನ್ನೂ ಕೂಡಿಸಿ ಓದಿದರೆ ಸೆಕೆಂಡಿನಿಂದ ಗಂಟೆಯವರೆಗಿನ ಹೊತ್ತು ಸಿಗುತ್ತದೆ. (ಎಂಟೊರೈನಲ್‌ನ ಈ ಹೊರಭಾಗಕ್ಕೆ ಮೂಗಿನ ಸುದ್ದಿಯೂ ಧಾರಾಳವಾಗಿ ಬರುತ್ತದೆ ಎಂಬುದು ತಿಳಿದಾಗ ಅಜ್ಜಿಯ ಹೋಲಿಕೆ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಾಯಿತು.)

2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ತ್ಸಾವೊ ತಂಡದ ಲೇಖನದಲ್ಲಿ ನಿಜವಾಗಿ ಮುಖ್ಯವಾದದ್ದು ಇದಕ್ಕಿಂತ ಮುಂದಿನ ಭಾಗ. ಮೊದಲು ಇಲಿಯನ್ನು ಕಪ್ಪು ಗೋಡೆಯ ಪೆಟ್ಟಿಗೆ, ಬಿಳಿ ಗೋಡೆಯ ಪೆಟ್ಟಿಗೆ ಎಂದು ಬದಲಿಸುತ್ತ, ಚೆಲ್ಲಿದ ತಿಂಡಿಯ ಚೂರುಗಳ ಹಿಂದೆ ಮನಸ್ಸಿಗೆ ಬಂದಂತೆ ಅಲೆಯಲು ಬಿಟ್ಟಿದ್ದರು. ಆಗ ಕೋಶಗಳು ಕಾಲವನ್ನು ಚೆನ್ನಾಗಿ ಬಿಡಿಸಿ ಹೇಳಿದವು. ಆಮೇಲೆ ಎಂಟರ ಆಕಾರದ ಒಂದು ದಾರಿಯಲ್ಲಿ ಸುತ್ತಲು ಹಚ್ಚಿದರು. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಮತ್ತದೇ, ಮತ್ತದೇ. ಈಗ ಕೋಶಗಳ ಧಾಟಿಯೇ ಬದಲಾಯಿತು. ಒಂದು ಸುತ್ತಿನೊಳಗೆ ಆರಂಭವೋ ನಡುವೋ ಕೊನೆಯೋ ಎಂಬುದನ್ನು ಮೊದಲಿಗಿಂತ ಚೆನ್ನಾಗಿ ಹೇಳುತ್ತಿದ್ದವು. ಇದು ಎಷ್ಟನೇ ಸುತ್ತು ಎಂದರೆ ಮಾತ್ರ ತಡವರಿಸಿದವು. ಒಂದು ಸುತ್ತಿನ ಮೇಲೆ ಇನ್ನೊಂದು ಬಂದು ಕೂತು ಎಲ್ಲವೂ ಒಂದೇ ಸುತ್ತಾಗಿಬಿಟ್ಟಿತ್ತು.

ಗಾಣದೆತ್ತಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ದಿನಾ ಎಂಟೂ ಕಾಲಿನ ಬಸ್ಸು ಹಿಡಿದು ಅದೇ ಕುರ್ಚಿಗೆ ಹೋಗುವವರಿಗೂ. ಸಿಫ್ರ್‌ನ ಇಪ್ಪತ್ತೈದು ದಿನ ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಇಲ್ಲೇ ಇರಬಹುದು ಎಂಬುದು ನನ್ನ ಊಹೆ.

ಮನುಷ್ಯರ ತಲೆಗೆ ಹೀಗೆ ತಂತಿ ಇಡಲು ಬರುವುದಿಲ್ಲ. ಅಪಸ್ಮಾರದ ಚಿಕಿತ್ಸೆಗೆಂದು ಈಗಾಗಲೇ ಇಟ್ಟಿರುವವರು ಮಾತ್ರ ಇದಕ್ಕೆ ಒಪ್ಪಬಹುದು. ಅಂಥವರಿಗೆ ಪದಗಳ ಪಟ್ಟಿ ಕೊಟ್ಟು ನೆನಪಿಡಲು ಹೇಳಿದಾಗ ಅವರಲ್ಲೂ ಸರತಿಯ ಕೋಶಗಳು, ನಿಧಾನಕ್ಕೆ ಏರುವ ಇಳಿಯುವ ಕೋಶಗಳು ಎರಡೂ ಸಿಕ್ಕಿದವೆಂದು 2020ರಲ್ಲಿ ಟೆಕ್ಸಸ್‌ನ ಬ್ರ್ಯಾಡ್ಲಿ ಲೆಗಾ ತಂಡ ತಿಳಿಸಿತು. ಅದಕ್ಕೂ ಒಂದು ವರ್ಷ ಮುಂಚೆ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಮೈಕೆಲ್ ಯಾಸ್ಸಾ ಅವರ ತಂಡ, ಜನರಿಗೆ ಟೀವಿಯ ಒಂದು ನಗೆ ಧಾರಾವಾಹಿಯ ಕಂತನ್ನು ತೋರಿಸಿತು. ಆಮೇಲೆ ಅದರ ಬಿಡಿ ಚಿತ್ರಗಳನ್ನು ಕೊಟ್ಟು, ಇದು ಕಂತಿನಲ್ಲಿ ಎಷ್ಟು ಹೊತ್ತಿಗೆ ಬಂತು ಎಂದು ಒಂದು ಗೆರೆಯ ಮೇಲೆ ಗುರುತಿಸಲು ಹೇಳಿತು. ಸರಿಯಾಗಿ ಗುರುತಿಸಿದಾಗ ಸ್ಕ್ಯಾನಿನಲ್ಲಿ ಮಿಂಚಿದ್ದು ತ್ಸಾವೊ ಆಲಿಸಿದ ಜಾಗಕ್ಕೆ ಮನುಷ್ಯರಲ್ಲಿ ಸಾಟಿಯಾದ ಭಾಗವೇ. ನಮ್ಮ ಮನೆಯ ಜಗಲಿಯಲ್ಲಿ ನಡೆದ ಪರೀಕ್ಷೆಯೂ ಇದೇ ತಾನೆ. ಚಿತ್ರ ಒಂದೇ ಇತ್ತು, ಗೆರೆ ಅರವತ್ತು ವರ್ಷ ಉದ್ದ ಇತ್ತು ಎಂಬುದಷ್ಟೇ ವ್ಯತ್ಯಾಸ.

ಇನ್ನೊಂದು ಸಂಗತಿ ಉಂಟು. ಹೊಳೆ ಹರಿದಂತೆ ಎಲ್ಲ ಕಡೆ ಒಂದೇ ಸಮನೆ ನೆನಪಿನ ಕಾಲ ಸಾಗುವುದಿಲ್ಲ. ಅಲ್ಲಲ್ಲಿ ಕಟ್ಟೆ ಒಡೆಯುತ್ತದೆ. ದೃಶ್ಯ ಬದಲಾದಾಗ, ಕೋಣೆ ಬದಲಾದಾಗ, ಬದುಕು ಬದಲಾದಾಗ ಮಿದುಳು ಹಳೆಯ ಕಂತೆಗೆ ಗಂಟು ಹಾಕಿ ಹೊಸದನ್ನು ಬಿಚ್ಚುತ್ತದೆ. ನ್ಯೂಯಾರ್ಕಿನ ಲೀಲಾ ದಾವಾಚಿ ಮತ್ತು ಸಂಗಡಿಗರು ತೋರಿಸಿದ ಪ್ರಕಾರ, ಅಷ್ಟೇ ಅಂತರದಲ್ಲಿ ನೋಡಿದ ಎರಡು ಚಿತ್ರಗಳ ನಡುವೆ ಇಂಥದ್ದೊಂದು ಗಡಿ ಬಿದ್ದರೆ, ಅವು ನೆನಪಿನಲ್ಲಿ ದೂರ ದೂರ ಸರಿಯುತ್ತವೆ. ಹೊಸ ಊರಿಗೆ ಹೋದ ನಾಲ್ಕು ದಿನ ಹಿಂತಿರುಗಿ ನೋಡಿದಾಗ ಹದಿನೈದು ದಿನದಂತೆ ಕಾಣುವುದು ಇದರಿಂದಲೇ ಇರಬೇಕು. ಲಾಕ್‌ಡೌನಿನ ತಿಂಗಳುಗಳು ಹೋಗುವಾಗ ಹೋಗಲೊಲ್ಲದೆ, ಹೋದ ಮೇಲೆ ಒಂದು ಮುದ್ದೆಯಾಗಿ ಉಳಿದದ್ದೂ ಇದರ ಇನ್ನೊಂದು ಮುಖ.

ಅಪಘಾತದ ಹೊತ್ತಿನಲ್ಲಿ ಎಲ್ಲವೂ ನಿಧಾನವಾಯಿತು ಎನ್ನುವವರ ಮಾತೂ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಡೇವಿಡ್ ಈಗಲ್‌ಮನ್ ಎಂಬ ವಿಜ್ಞಾನಿ ಜನರನ್ನು 31 ಮೀಟರ್ ಎತ್ತರದಿಂದ ಬೆನ್ನು ಕೆಳಗಾಗಿ ಒಂದು ಬಲೆಗೆ ಬೀಳಿಸಿದರು. ಮಣಿಕಟ್ಟಿನಲ್ಲಿ ಅಂಕಿಗಳು ಮಿಂಚುವ ಒಂದು ಯಂತ್ರ. ಕಾಲ ನಿಜಕ್ಕೂ ನಿಧಾನವಾದರೆ ಆ ಅಂಕಿ ಓದಲು ಬರಬೇಕು. ಯಾರಿಗೂ ಬರಲಿಲ್ಲ. ಆದರೆ ಆಮೇಲೆ ಕೇಳಿದಾಗ, ಬೇರೆಯವರ ಬೀಳುವಿಕೆಗಿಂತ ತಮ್ಮದು ಸರಾಸರಿ ಶೇ 36ರಷ್ಟು ಉದ್ದ ಇತ್ತು ಎಂದರು. ಹಿಗ್ಗಿದ್ದು ಕಾಲವಲ್ಲ, ಅದರ ನೆನಪು.

ಶರಾವತಿ ಸೀಮೆಯವರಿಗೆ ಇಂಥ ಕಟ್ಟೆಯೊಡೆತದ ಪಾಠ ಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಪಟದಲ್ಲಿರುವ ಅಂಗಳ ಈಗ ನೀರಿನಡಿ. ನಮ್ಮ ಮನೆಯ ಎಲ್ಲ ಮಾತಿಗೂ ಎರಡೇ ಕಾಲ: ಮುಳುಗಡೆಗೆ ಮುಂಚೆ, ಮುಳುಗಡೆ ಆದ ಮೇಲೆ. ಆಚೆಯದು ಯಾವುದು ಈಚೆಯದು ಯಾವುದು ಎಂಬುದರಲ್ಲಿ ಅಮ್ಮನಾಗಲಿ ಚಿಕ್ಕಮ್ಮನಾಗಲಿ ಒಮ್ಮೆಯೂ ತಪ್ಪಿದ್ದಿಲ್ಲ. ಆಚೆಯ ಒಳಗಡೆ ಮೂರು ವರ್ಷ ಹಿಂದೆ ಮುಂದೆ ಆದರೆ ಅದು ಅವರ ದೋಷವಲ್ಲ.

ಊರಿನವರು ಲೆಕ್ಕ ಇಟ್ಟದ್ದೂ ಹೀಗೆಯೇ ಅಲ್ಲವೇ. ಆರಿದ್ರಾ ಮಳೆಯಲ್ಲಿ ಹುಟ್ಟಿದವನು, ಪ್ಲೇಗು ಬಂದ ವರ್ಷ ಊರು ಬಿಟ್ಟವರು, ಬೆಳಗೊಳದ ಮಸ್ತಕಾಭಿಷೇಕದ ವರ್ಷ ಮದುವೆಯಾದವಳು. 1876ರಲ್ಲಿ ಶುರುವಾದ ಮಹಾಕ್ಷಾಮಕ್ಕೆ ಸಿಕ್ಕ ಗುರುತು ಧಾತು ಸಂವತ್ಸರ. ಜನಗಣತಿಗೆ ಬರುವವರಿಗೂ ವಯಸ್ಸು ಗೊತ್ತಿಲ್ಲದವರಿದ್ದರೆ ಇಂಥ ಊರ ಘಟನೆಗಳನ್ನು ಹಿಡಿದು ಅಂದಾಜು ಮಾಡಿ ಎಂದು ಸೂಚನೆ ಇರುತ್ತದೆ. ಸಂವತ್ಸರದ ಹೆಸರಂತೂ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 1960ರದ್ದೂ ಶಾರ್ವರಿ, 2020ರದ್ದೂ ಶಾರ್ವರಿ. ಎರಡನೆಯದರ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ, ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನ. ಎಂಟರ ದಾರಿಯಲ್ಲಿ ಸುತ್ತಿದ ಇಲಿಯ ಹಾಗೆ ಸುತ್ತಿನೊಳಗಿನ ಜಾಗ ಪಕ್ಕಾ, ಎಷ್ಟನೇ ಸುತ್ತು ಎಂಬುದನ್ನು ಮಾತ್ರ ಬೇರೆ ಕಡೆಯಿಂದ ತಿಳಿಯಬೇಕು.

ಅಜ್ಜಿಯ ಕೊನೆಯ ವರ್ಷಗಳಲ್ಲಿ ಡಾಕ್ಟರು ಕೇಳುತ್ತಿದ್ದ ಮೊದಲ ಪ್ರಶ್ನೆ ಇವತ್ತು ಯಾವ ವಾರ, ಯಾವ ತಿಂಗಳು, ಯಾವ ವರ್ಷ ಎಂಬುದೇ. ಮರೆವಿನ ಕಾಯಿಲೆ ಅಳೆಯಲು 1975ರಿಂದ ಬಳಕೆಯಲ್ಲಿರುವ 30 ಅಂಕಗಳ ಪ್ರಶ್ನಾವಳಿಯಲ್ಲಿ ಮೊದಲ ಐದು ಅಂಕ ಇದಕ್ಕೇ ಮೀಸಲು. ಅಲ್ಝೈಮರ್ ಕಾಯಿಲೆ ಮಿದುಳಿನ ಹೊರಪದರದಲ್ಲಿ ಮೊದಲು ಗೂಡು ಕಟ್ಟುವ ಜಾಗಗಳಲ್ಲಿ ಎಂಟೊರೈನಲ್ ಕಾರ್ಟೆಕ್ಸ್ ಮುಂಚೂಣಿಯದು. ಅಂದು ನಾವದನ್ನು ತಿಳಿದಿರಲಿಲ್ಲ. ವಾರ ಕೇಳಿದರೆ ಅಜ್ಜಿ ಡಾಕ್ಟರ ಮುಖ ನೋಡಿ ನಕ್ಕು, "ಎಲ್ಲ ವಾರನೂ ಒಂದೇ ಅಲ್ವೇನಪ್ಪ" ಅನ್ನುತ್ತಿದ್ದಳು. ಜಾಣ ಉತ್ತರ ಎಂದು ನಾವೂ ನಗುತ್ತಿದ್ದೆವು.

ಪಟದ ತಕರಾರು ಎರಡು ದಿನ ನಡೆಯಿತು. ಮೂರನೆಯ ದಿನ ನಾನು ಟ್ರಂಕಿನ ಪಂಚಾಂಗಗಳನ್ನು ಒಂದೊಂದಾಗಿ ಬಿಡಿಸಿದೆ. ಅಜ್ಜ ಅದರ ಅಂಚಿನಲ್ಲೇ ಲೆಕ್ಕ ಬರೆಯುತ್ತಿದ್ದವರು: ಹಿಂಡಿ, ಸೀಮೆಎಣ್ಣೆ, ಆಳಿನ ಸಂಬಳ. ವಿಳಂಬಿ ಸಂವತ್ಸರದ ಪಂಚಾಂಗ, ಪುಷ್ಯ ಮಾಸದ ಪುಟ, ಪೆನ್ಸಿಲಿನಲ್ಲಿ ಸಣ್ಣಗೆ: ಫೋಟೋದವನಿಗೆ 6 ರೂ. ವಿಳಂಬಿ ಎಂದರೆ 1958-59. ಅಮ್ಮ ಕನ್ನಡಕ ಏರಿಸಿ ಓದಿ, ಏನೂ ಮಾತಾಡದೆ ಪಂಚಾಂಗವನ್ನು ತಂಗಿಯ ಮಡಿಲಿಗಿಟ್ಟಳು.

ಚಿಕ್ಕಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಪ್ಪಯ್ಯ ಹೊಸ ಪಂಚಾಂಗದಲ್ಲಿ ಯಾವತ್ತು ಗೀಚಿದಾರೆ ಅಕ್ಕ? ದೇವರ ಮುಂದೆ ಇಡೋದು ಅಂತ ಅದನ್ನ ಮುಟ್ಟೋಕೂ ಬಿಡ್ತಿರಲಿಲ್ಲ. ಲೆಕ್ಕ ಎಲ್ಲ ಹಳೇ ಪಂಚಾಂಗದಲ್ಲೇ, ಕಾಗದ ಮುಗಿಯೋ ತನಕ."

ಅಮ್ಮ ಪಟವನ್ನು ಮತ್ತೆ ಕೈಗೆ ತಗೊಂಡಳು. "ಹಾಗಾದ್ರೆ," ಅಂದಳು, "ಈ ನಾಯಿ ಯಾವುದು ಹೇಳು ನೋಡೋಣ."